ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರದ ಆರ್ಥಿಕ ನೆರವು: ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ರೈತರಿಗೆ ಮಾಹಿತಿ

ಪೀಠಿಕೆ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಲ್ಲಿ ಬೇಸಿಗೆ ಬೆಳೆಗಳು ಕೊಯ್ಲಿಗೆ ಬರುತ್ತಿದ್ದವು. ಕೊಳವೆಬಾವಿ ನೀರಿನಲ್ಲಿ ಬೆಳೆದ ತರಕಾರಿ, ಬಾಳೆ, ಕಲ್ಲಂಗಡಿ ಹೊಲದಲ್ಲಿದ್ದವು. ಹಳಿಯಾಳ ಮತ್ತು ಮುಂಡಗೋಡ ಭಾಗದ ಅನೇಕ ಮನೆಗಳಲ್ಲಿ ಮುಂಗಾರಿನ ಮೆಕ್ಕೆಜೋಳ ಇನ್ನೂ ಮಾರಾಟಕ್ಕೆ ಕಾದಿತ್ತು. ಸಂತೆಗಳು ನಿಂತವು, ವಾಹನಗಳು ನಿಂತವು, ಹೋಟೆಲುಗಳು ಮುಚ್ಚಿದವು. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯದಲ್ಲಿ ಎರಡನೆಯ ಅಲೆಯ ನಿರ್ಬಂಧಗಳು ಆರಂಭವಾದಾಗ ಇದೇ ಸ್ಥಿತಿ ಮರುಕಳಿಸಿತು.

ಈ ಎರಡೂ ಸಂದರ್ಭಗಳಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಲವು ಬಗೆಯ ನೆರವನ್ನು ಪ್ರಕಟಿಸಿದವು. ಒಂದೇ ಊರಿನಲ್ಲಿ, ಒಂದೇ ಬೆಳೆ ಬೆಳೆದ ಇಬ್ಬರು ರೈತರಲ್ಲಿ ಒಬ್ಬರಿಗೆ ಹಣ ಬಂದು ಇನ್ನೊಬ್ಬರಿಗೆ ಬಾರದಿರುವುದನ್ನು ತಾವು ಕಂಡಿರಬಹುದು. ಇದಕ್ಕೆ ಕಾರಣ ಬಹುಮಟ್ಟಿಗೆ ದಾಖಲೆಯಲ್ಲಿದೆ. ಸಾಂಕ್ರಾಮಿಕದ ನೆರವು ಬೆಳೆ ಬೆಳೆದವರನ್ನು ಹುಡುಕಿಕೊಂಡು ಹೊಲಕ್ಕೆ ಬರಲಿಲ್ಲ; ಪಹಣಿ, ಬೆಳೆ ಸಮೀಕ್ಷೆ, ಆಧಾರ್ ಮತ್ತು ಬ್ಯಾಂಕ್ ಖಾತೆ ಈ ನಾಲ್ಕೂ ಒಂದಕ್ಕೊಂದು ಹೊಂದಿದ್ದವರ ಖಾತೆಗೆ ನೇರವಾಗಿ ಜಮೆಯಾಯಿತು. ಈ ದಾಖಲೆಗಳನ್ನು ಆಪತ್ತು ಬಂದ ಮೇಲೆ ಸಿದ್ಧಪಡಿಸಲು ಕಾಲಾವಕಾಶ ಇರುವುದಿಲ್ಲ. ಆದ್ದರಿಂದ ದೊರೆತ ನೆರವು ಯಾವುದು, ಅದು ಯಾವ ಮಾರ್ಗದಲ್ಲಿ ಬಂತು, ಈ ನಾಲ್ಕು ತಾಲೂಕುಗಳಲ್ಲಿ ಎಲ್ಲಿ ತಡೆಯಾಗುತ್ತದೆ ಮತ್ತು ಈಗಲೇ ಏನು ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಾಂಕ್ರಾಮಿಕದ ನಷ್ಟ ಏಕೆ ಭಿನ್ನ?

ಅತಿವೃಷ್ಟಿ, ನೆರೆ, ಬರ ಮುಂತಾದ ಪ್ರಕೃತಿ ವಿಕೋಪಗಳಲ್ಲಿ ಬೆಳೆ ಶೇ. 33ಕ್ಕಿಂತ ಹೆಚ್ಚು ಹಾನಿಯಾದಾಗ ವಿಪತ್ತು ಪರಿಹಾರ ನಿಧಿಯಿಂದ ಹೆಕ್ಟೇರುವಾರು ಪರಿಹಾರ ನೀಡಲು ನಿಗದಿತ ದರಗಳಿವೆ. 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರವು ಈ ದರಗಳನ್ನು ಹೆಚ್ಚಿಸಿ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ರೂ. 13,600, ನೀರಾವರಿ ಬೆಳೆಗೆ ರೂ. 25,000 ಮತ್ತು ಬಹುವಾರ್ಷಿಕ ಬೆಳೆಗೆ ರೂ. 28,000 ಎಂದು ನಿಗದಿಪಡಿಸಿತು. ಗರಿಷ್ಠ ಮಿತಿ 2 ಹೆಕ್ಟೇರ್. ಬೆಳೆ ವಿಮೆಯೂ ಇಳುವರಿ ಅಥವಾ ಹವಾಮಾನದ ಆಧಾರದ ಮೇಲೆ ನಷ್ಟವನ್ನು ಲೆಕ್ಕ ಹಾಕುತ್ತದೆ.

ಸಾಂಕ್ರಾಮಿಕದಲ್ಲಿ ಬೆಳೆ ಹಾಳಾಗಿರಲಿಲ್ಲ. ಬೆಳೆ ಚೆನ್ನಾಗಿಯೇ ಇತ್ತು, ಕೊಳ್ಳುವವರು ಇರಲಿಲ್ಲ. ಮಾರಾಟವಾಗದೆ ಕೊಳೆತ ತರಕಾರಿಗೆ ವಿಮೆಯಲ್ಲಿ ಅವಕಾಶವಿಲ್ಲ, ವಿಕೋಪ ಪರಿಹಾರದ ದರಪಟ್ಟಿಯಲ್ಲೂ ಸ್ಥಾನವಿಲ್ಲ. ಮೆಕ್ಕೆಜೋಳದ ವಿಷಯದಲ್ಲಿ ಕೋಳಿ ಮಾಂಸದ ಕುರಿತ ವದಂತಿಗಳಿಂದ ಕುಕ್ಕುಟೋದ್ಯಮ ಕುಸಿದು, ಕೋಳಿ ಆಹಾರಕ್ಕೆ ಬೇಕಾಗುವ ಜೋಳದ ಬೇಡಿಕೆ ಇಳಿಯಿತು. 2019-20ನೇ ಸಾಲಿನಲ್ಲಿ ಕ್ವಿಂಟಲಿಗೆ ರೂ. 1,760 ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ಆ ಬೆಲೆ ದೊರೆಯಲಿಲ್ಲ. ಈ ಬಗೆಯ ನಷ್ಟಕ್ಕೆ ಶಾಶ್ವತ ನಿಯಮವಿಲ್ಲದ ಕಾರಣ ಸರ್ಕಾರವು ಒಂದು ಬಾರಿಯ ವಿಶೇಷ ಆದೇಶಗಳ ಮೂಲಕ ನೆರವು ನೀಡಬೇಕಾಯಿತು. ಇಂತಹ ಆದೇಶಗಳಲ್ಲಿ ಬೆಳೆಗಳ ಪಟ್ಟಿ, ಗರಿಷ್ಠ ವಿಸ್ತೀರ್ಣ ಮತ್ತು ಯಾವ ಹಂಗಾಮಿನ ದಾಖಲೆಯನ್ನು ಪರಿಗಣಿಸಬೇಕು ಎಂಬ ಮೂರು ಅಂಶಗಳಿರುತ್ತವೆ. ಆದೇಶ ಪ್ರಕಟವಾದ ಕೂಡಲೇ ತಾವು ನೋಡಬೇಕಾದದ್ದು ಈ ಮೂರನ್ನು.

2020 ಮತ್ತು 2021ರಲ್ಲಿ ದೊರೆತ ನೆರವು

ಅ) ಕೇಂದ್ರ ಸರ್ಕಾರದಿಂದ

2020ರ ಮಾರ್ಚ್ 26ರಂದು ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಪ್ಯಾಕೇಜ್ ಪ್ರಕಟವಾಯಿತು. ಅದರ ಮುಖ್ಯ ಅಂಶಗಳು ಇವು:

• ಪಿ.ಎಂ. ಕಿಸಾನ್ ಯೋಜನೆಯ ರೂ. 2,000ದ ಕಂತನ್ನು ಏಪ್ರಿಲ್ ತಿಂಗಳಿನಲ್ಲಿಯೇ ಬಿಡುಗಡೆ ಮಾಡಲಾಯಿತು.
• ಮಹಿಳೆಯರ ಜನಧನ್ ಖಾತೆಗಳಿಗೆ ಮೂರು ತಿಂಗಳು, ತಿಂಗಳಿಗೆ ರೂ. 500 ಜಮೆ ಮಾಡಲಾಯಿತು.
• ಪಡಿತರ ಚೀಟಿಯ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿ.ಗ್ರಾಂ. ಆಹಾರ ಧಾನ್ಯವನ್ನು ಉಚಿತವಾಗಿ ಹೆಚ್ಚುವರಿಯಾಗಿ ನೀಡಲಾಯಿತು. ಮೊದಲು ಮೂರು ತಿಂಗಳಿಗೆ ಎಂದಿದ್ದುದನ್ನು 2020ರ ನವೆಂಬರ್‌ವರೆಗೆ ವಿಸ್ತರಿಸಲಾಯಿತು; 2021ರ ಮೇ ತಿಂಗಳಿನಿಂದ ಮತ್ತೆ ಆರಂಭಿಸಲಾಯಿತು.
• ಉಜ್ವಲಾ ಫಲಾನುಭವಿಗಳಿಗೆ ಮೂರು ಅಡುಗೆ ಅನಿಲ ಸಿಲಿಂಡರುಗಳನ್ನು ಉಚಿತವಾಗಿ ಒದಗಿಸಲಾಯಿತು.
• ವೃದ್ಧರು, ವಿಧವೆಯರು ಮತ್ತು ಅಂಗವಿಕಲ ಪಿಂಚಣಿದಾರರಿಗೆ ಎರಡು ಕಂತುಗಳಲ್ಲಿ ರೂ. 1,000 ನೀಡಲಾಯಿತು.
• ಸ್ವಸಹಾಯ ಸಂಘಗಳಿಗೆ ಆಧಾರವಿಲ್ಲದೆ ನೀಡುವ ಸಾಲದ ಮಿತಿಯನ್ನು ರೂ. 10 ಲಕ್ಷದಿಂದ ರೂ. 20 ಲಕ್ಷಕ್ಕೆ ಏರಿಸಲಾಯಿತು.

ಆ) ರಾಜ್ಯ ಸರ್ಕಾರದಿಂದ, 2020

ಮೇ ತಿಂಗಳಿನಲ್ಲಿ ಎರಡು ಹಂತಗಳಲ್ಲಿ ನೆರವು ಪ್ರಕಟವಾಯಿತು. ಹೂವು ಬೆಳೆಗಾರರಿಗೆ ಹೆಕ್ಟೇರಿಗೆ ರೂ. 25,000, ಪಟ್ಟಿಯಲ್ಲಿದ್ದ ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ ರೂ. 15,000, ಎರಡಕ್ಕೂ ಗರಿಷ್ಠ 1 ಹೆಕ್ಟೇರ್ ಮಿತಿ. ಮೆಕ್ಕೆಜೋಳ ಬೆಳೆದ ರೈತರಿಗೆ ವಿಸ್ತೀರ್ಣ ಎಷ್ಟೇ ಇರಲಿ, ತಲಾ ರೂ. 5,000. ಇವುಗಳ ಜೊತೆಗೆ ಅಗಸರು, ಕ್ಷೌರಿಕರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ ರೂ. 5,000, ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು ರೂ. 2,000, ಬಳಿಕ ರೂ. 3,000 ನೀಡಲಾಯಿತು. ದಾಂಡೇಲಿ ಮತ್ತು ಗಣೇಶಗುಡಿ ಸುತ್ತಮುತ್ತ ಕೃಷಿಯೊಂದಿಗೆ ಪ್ರವಾಸೋದ್ಯಮ ಅಥವಾ ಚಾಲಕ ವೃತ್ತಿಯನ್ನು ನೆಚ್ಚಿದ ಕುಟುಂಬಗಳಿಗೆ ಈ ಎರಡನೆಯ ವರ್ಗದ ನೆರವು ಹೆಚ್ಚು ಸಂಬಂಧಪಟ್ಟದ್ದು.

ಇ) ರಾಜ್ಯ ಸರ್ಕಾರದಿಂದ, 2021

ಮೇ 19ರಂದು ರೂ. 1,250 ಕೋಟಿಯ ಪ್ಯಾಕೇಜ್ ಘೋಷಣೆಯಾಯಿತು. ಹೂವು, ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ ರೂ. 10,000, ಗರಿಷ್ಠ 1 ಹೆಕ್ಟೇರ್. ಚಾಲಕರಿಗೆ ಮತ್ತು ಕಟ್ಟಡ ಕಾರ್ಮಿಕರಿಗೆ ತಲಾ ರೂ. 3,000, ಅಸಂಘಟಿತ ವಲಯದ ಕಾರ್ಮಿಕರಿಗೆ ಮತ್ತು ಬೀದಿ ಬದಿ ವ್ಯಾಪಾರಿಗಳಿಗೆ ತಲಾ ರೂ. 2,000.

ಲೆಕ್ಕದ ಉದಾಹರಣೆ: ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. ಒಬ್ಬ ರೈತರು 30 ಗುಂಟೆಯಲ್ಲಿ ಪಟ್ಟಿಯಲ್ಲಿರುವ ತರಕಾರಿ ಬೆಳೆದಿದ್ದರೆ, ಅದು ಸುಮಾರು 0.30 ಹೆಕ್ಟೇರ್. 2020ರ ದರದಂತೆ ಅವರಿಗೆ ಸುಮಾರು ರೂ. 4,550, 2021ರ ದರದಂತೆ ಸುಮಾರು ರೂ. 3,035 ಬರುತ್ತದೆ. ಸಮೀಕ್ಷೆಯಲ್ಲಿ ಅದೇ ತಾಕು 10 ಗುಂಟೆ ಎಂದು ದಾಖಲಾಗಿದ್ದರೆ ಮೊತ್ತ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. 'ಬೀಳು' ಎಂದು ದಾಖಲಾಗಿದ್ದರೆ ಏನೂ ಬರುವುದಿಲ್ಲ.

ಹಣ ಬರುವ ಮಾರ್ಗ ಮತ್ತು ತಡೆಯಾಗುವ ಸ್ಥಳಗಳು

ನೇರ ನಗದು ವರ್ಗಾವಣೆಯಲ್ಲಿ ಹಣವು ನಾಲ್ಕು ಹಂತಗಳನ್ನು ದಾಟಿ ಬರುತ್ತದೆ. ಯಾವುದಾದರೂ ಒಂದು ಹಂತದಲ್ಲಿ ದೋಷವಿದ್ದರೆ ಅಲ್ಲಿಯೇ ನಿಲ್ಲುತ್ತದೆ.

ಮೊದಲನೆಯದು ಪಹಣಿ. ಪಹಣಿಯ 9ನೇ ಕಲಂನಲ್ಲಿ ಮಾಲೀಕರ ಹೆಸರು, 12ನೇ ಕಲಂನಲ್ಲಿ ಬೆಳೆಯ ವಿವರ ಇರುತ್ತದೆ. 9ನೇ ಕಲಂನಲ್ಲಿ ತಮ್ಮ ಹೆಸರು ಇಲ್ಲದಿದ್ದರೆ ಮುಂದಿನ ಯಾವ ಹಂತವೂ ಆರಂಭವಾಗುವುದಿಲ್ಲ.

ಎರಡನೆಯದು ಬೆಳೆ ಸಮೀಕ್ಷೆ. ವಿಶೇಷ ನೆರವಿನ ಆದೇಶಗಳು ಈಗಾಗಲೇ ಮುಗಿದ ಹಂಗಾಮಿನ ಸಮೀಕ್ಷೆಯನ್ನು ಆಧರಿಸಿರುತ್ತವೆ. 2020ರ ಮುಂಗಾರಿನಿಂದ ರೈತರೇ ತಮ್ಮ ಮೊಬೈಲಿನಲ್ಲಿ ಬೆಳೆಯ ಛಾಯಾಚಿತ್ರ ತೆಗೆದು ದಾಖಲಿಸುವ ಅವಕಾಶವಿದೆ. ಸ್ವತಃ ಮಾಡಲಾಗದವರ ತಾಕುಗಳನ್ನು ಗ್ರಾಮದ ಖಾಸಗಿ ನಿವಾಸಿಗಳು ಸಮೀಕ್ಷೆ ಮಾಡುತ್ತಾರೆ. ದಾಖಲಾದ ವಿವರವನ್ನು 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದು.

ಮೂರನೆಯದು ಎಫ್‌ಐಡಿ. ರಾಜ್ಯದ 'ಫ್ರೂಟ್ಸ್' ತಂತ್ರಾಂಶದಲ್ಲಿ ನೋಂದಾಯಿಸಿದಾಗ ದೊರೆಯುವ ಈ ರೈತ ಗುರುತಿನ ಸಂಖ್ಯೆಯು ತಮ್ಮ ಜಮೀನಿನ ಸರ್ವೆ ನಂಬರುಗಳನ್ನು ಆಧಾರ್ ಮತ್ತು ಬ್ಯಾಂಕ್ ಖಾತೆಗೆ ಜೋಡಿಸುತ್ತದೆ. ಒಂದು ಮುಖ್ಯ ಸಂಗತಿ: ಎಫ್‌ಐಡಿ ಇದ್ದರೆ ಸಾಲದು, ತಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿರಬೇಕು. ಎರಡು ಊರುಗಳಲ್ಲಿ ಜಮೀನಿರುವವರ ಒಂದು ಊರಿನ ಜಮೀನಷ್ಟೇ ಸೇರಿರುವ ಪ್ರಕರಣಗಳು ಸಾಕಷ್ಟಿವೆ.

ನಾಲ್ಕನೆಯದು ಬ್ಯಾಂಕ್ ಖಾತೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣವು ತಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗದೆ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹೊಸ ಖಾತೆ ತೆರೆದವರು "ಹಣ ಬಂದಿಲ್ಲ" ಎಂದು ಹಳೆಯ ಪಾಸ್‌ಬುಕ್ ನೋಡಿ ಹೇಳುವುದುಂಟು. ಹಣ ಹೊಸ ಖಾತೆಯಲ್ಲಿರುತ್ತದೆ. ಜೊತೆಗೆ 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು; ನಂತರ ಶಾಖೆಗಳ ಐಎಫ್‌ಎಸ್ ಕೋಡ್ ಬದಲಾದವು. ಹಳೆಯ ಪಾಸ್‌ಬುಕ್ಕಿನ ಪ್ರತಿಯನ್ನೇ ಅರ್ಜಿಗೆ ಲಗತ್ತಿಸುವವರು ಹೊಸ ಪಾಸ್‌ಬುಕ್ ಪಡೆದುಕೊಳ್ಳಬೇಕು.

ಈ ನಾಲ್ಕು ತಾಲೂಕುಗಳ ವಿಶೇಷ ತೊಡಕುಗಳು

1. ತೀರಿಕೊಂಡವರ ಹೆಸರಿನಲ್ಲಿರುವ ಪಹಣಿ

ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಪಹಣಿ ಮುಂದುವರಿದಿರುವುದು ನಾಲ್ಕೂ ತಾಲೂಕುಗಳಲ್ಲಿ ಸಾಮಾನ್ಯ. ಜೋಯಿಡಾ ಭಾಗದ ಅವಿಭಕ್ತ ಕುಟುಂಬಗಳಲ್ಲಿ ಒಂದೇ ಪಹಣಿಯಲ್ಲಿ ಹಲವು ಹೆಸರುಗಳಿದ್ದು, ಅವರಲ್ಲಿ ಕೆಲವರು ಈಗ ಇಲ್ಲ. ಇದಕ್ಕೆ ಪರಿಹಾರ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶಾವಳಿ, ಪಹಣಿ ಮತ್ತು ವಾರಸುದಾರರ ಆಧಾರ್ ಪ್ರತಿಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಪಿ.ಎಂ. ಕಿಸಾನ್ ಯೋಜನೆಗೆ 2019ರ ಫೆಬ್ರವರಿ 1ಕ್ಕೆ ಭೂದಾಖಲೆಯಲ್ಲಿ ಹೆಸರಿರಬೇಕು ಎಂಬ ನಿಯಮವಿದೆ. ಆದರೆ ಮಾಲೀಕರ ಮರಣದಿಂದ ವಾರಸಾಗಿ ಬಂದ ಜಮೀನಿಗೆ ಈ ದಿನಾಂಕದ ನಂತರದ ಖಾತೆ ಬದಲಾವಣೆಯೂ ಮಾನ್ಯವಾಗುತ್ತದೆ. "ದಿನಾಂಕ ಮುಗಿದಿದೆ" ಎಂದು ಕೈಬಿಟ್ಟಿರುವ ವಾರಸುದಾರರು ಈ ಅಂಶವನ್ನು ಗಮನಿಸಬೇಕು. ಪತಿಯನ್ನು ಕಳೆದುಕೊಂಡು ಸ್ವತಃ ಸಾಗುವಳಿ ಮಾಡುತ್ತಿರುವ ಮಹಿಳೆಯರಿಗೆ ಇದು ಹೆಚ್ಚು ಅನ್ವಯಿಸುತ್ತದೆ.

2. ಹೆಸರಿನ ವ್ಯತ್ಯಾಸ

ಕೊಂಕಣಿ, ಮರಾಠಿ ಮಾತನಾಡುವ ಕುಟುಂಬಗಳು ಇಲ್ಲಿ ಬಹಳ. ಪಹಣಿಯಲ್ಲಿ ಕನ್ನಡದಲ್ಲಿ ತಂದೆಯ ಹೆಸರು ಸೇರಿ, ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಅಡ್ಡಹೆಸರು ಸೇರಿ ದಾಖಲಾಗಿರುವುದುಂಟು. ಗಣಕಯಂತ್ರವು ಇವರನ್ನು ಇಬ್ಬರು ಬೇರೆ ವ್ಯಕ್ತಿಗಳೆಂದು ಭಾವಿಸುತ್ತದೆ. ಆಧಾರ್, ಪಹಣಿ ಮತ್ತು ಪಾಸ್‌ಬುಕ್ ಮೂರನ್ನೂ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ.

3. ಅರಣ್ಯ ಭೂಮಿಯ ಸಾಗುವಳಿ

ತಲೆಮಾರುಗಳಿಂದ ಅರಣ್ಯ ಭೂಮಿಯಲ್ಲಿ ಸಾಗುವಳಿ ಮಾಡುತ್ತಿರುವವರ ಹೆಸರು ಪಹಣಿಯಲ್ಲಿ ಇಲ್ಲ. ಅವರ ಭತ್ತವಾಗಲಿ ಅಡಿಕೆಯಾಗಲಿ ನೆರವಿನ ಲೆಕ್ಕಕ್ಕೆ ಸಿಗುವುದಿಲ್ಲ. ಇವರಿಗೆ ಇರುವ ಕಾನೂನಿನ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸ್ವಾಧೀನದಲ್ಲಿರುವುದನ್ನು ತೋರಿಸಬೇಕು; ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಉತ್ತರ ಕನ್ನಡದ ಸಿದ್ದಿ ಸಮುದಾಯಕ್ಕೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆತಿರುವುದರಿಂದ ಅವರಿಗೆ ಮೊದಲನೆಯ ನಿಯಮ ಅನ್ವಯಿಸುತ್ತದೆ. ಕುಣಬಿ ಮತ್ತು ಗೌಳಿ ಸಮುದಾಯಗಳು ಎರಡನೆಯ ವರ್ಗದಲ್ಲಿ ಬರುತ್ತವೆ. ಅರ್ಜಿಯ ಸ್ವೀಕೃತಿ ಪತ್ರ, ಗ್ರಾಮದ ಅರಣ್ಯ ಹಕ್ಕು ಸಮಿತಿಯ ನಡಾವಳಿ ಮತ್ತು ಜಿ.ಪಿ.ಎಸ್. ನಕ್ಷೆಯ ಪ್ರತಿಗಳನ್ನು ಕಾಪಾಡಿಕೊಳ್ಳಬೇಕು. ಹಕ್ಕುಪತ್ರ ದೊರೆತವರು ಅದರೊಂದಿಗೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನೋಂದಣಿಯ ಬಗ್ಗೆ ವಿಚಾರಿಸಬೇಕು.

4. ಲಾವಣಿ ಮತ್ತು ಪಾಲಿನ ಸಾಗುವಳಿ

ಲಾವಣಿಗೆ ಅಥವಾ ಪಾಲಿಗೆ ಹೊಲ ಮಾಡುವವರ ಬೆವರಿನ ಬೆಳೆಗೆ ಬಂದ ನೆರವು ಮಾಲೀಕರ ಖಾತೆಗೆ ಹೋಗುತ್ತದೆ. ಪಿ.ಎಂ. ಕಿಸಾನ್ ಯೋಜನೆಯಲ್ಲಿ ಸಾಗುವಳಿದಾರರಿಗೆ ಅವಕಾಶವಿಲ್ಲ. ಆದ್ದರಿಂದ ಹಂಗಾಮಿನ ಆರಂಭದಲ್ಲಿಯೇ, ಬೆಳೆಗೆ ಬರುವ ಸರ್ಕಾರಿ ನೆರವು ಯಾರಿಗೆ ಸೇರಬೇಕು, ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಇಬ್ಬರೂ ಮಾತನಾಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳಿತು. ಬೆಳೆ ಸಾಲಕ್ಕಾಗಿ ಸಾಗುವಳಿದಾರರು ಜಂಟಿ ಬಾಧ್ಯತಾ ಗುಂಪುಗಳನ್ನು ರಚಿಸಿಕೊಂಡು ಬ್ಯಾಂಕನ್ನು ಸಂಪರ್ಕಿಸಬಹುದು.

5. ಮಿಶ್ರ ಬೆಳೆ ಮತ್ತು ಸಣ್ಣ ತಾಕುಗಳು

ಜೋಯಿಡಾ ತಾಲೂಕಿನ ಕುಣಬಿ ರೈತರು ಹಿತ್ತಲಿನಲ್ಲಿ ಮತ್ತು ಗದ್ದೆಯ ಅಂಚಿನಲ್ಲಿ ಬೆಳೆಯುವ ಗೆಡ್ಡೆಗೆಣಸುಗಳು ಪ್ರಸಿದ್ಧವಾದವು. ಸಮೀಕ್ಷೆಯಲ್ಲಿ ಇಂತಹ ತಾಕು ಮುಖ್ಯ ಬೆಳೆಯ ಹೆಸರಿನಲ್ಲಿಯೇ ಸೇರಿಹೋಗುವ ಸಂಭವ ಹೆಚ್ಚು. ಮಿಶ್ರ ಮತ್ತು ಅಂತರ ಬೆಳೆಗಳನ್ನು ಪ್ರತ್ಯೇಕವಾಗಿ, ವಿಸ್ತೀರ್ಣದೊಂದಿಗೆ ದಾಖಲಿಸಬೇಕು. ಮೊಬೈಲ್ ಸಂಪರ್ಕ ಇಲ್ಲದ ಊರುಗಳಲ್ಲಿ ಹೊಲದಲ್ಲಿ ಛಾಯಾಚಿತ್ರ ತೆಗೆದು, ಸಂಪರ್ಕ ಸಿಗುವ ಜಾಗಕ್ಕೆ ಬಂದು ಮಾಹಿತಿಯನ್ನು ಕಳುಹಿಸಬೇಕಾಗುತ್ತದೆ. ಕಳುಹಿಸಿದ್ದು ಮುಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಬಿಡಬಾರದು.

6. ಜಾನುವಾರು ಸಾಕಣೆದಾರರು

ಮುಂಡಗೋಡ ಮತ್ತು ಹಳಿಯಾಳ ಭಾಗದ ಗೌಳಿ ಕುಟುಂಬಗಳ ಆಸ್ತಿ ಜಾನುವಾರು. ಅದಕ್ಕೆ ಪಹಣಿ ಇಲ್ಲ. ಇವರಿಗೆ ದಾಖಲೆಯಾಗಿ ಒದಗುವುದು ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕಿದ ಲೆಕ್ಕ ಮತ್ತು ಜಾನುವಾರಿನ ಕಿವಿಗೆ ಹಾಕುವ 12 ಅಂಕಿಯ ಓಲೆ. 2019ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಪಶುಸಂಗೋಪನೆಗೂ ವಿಸ್ತರಿಸಲಾಗಿದೆ; 2020ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಲು ಒಕ್ಕೂಟಗಳ ಸದಸ್ಯರಿಗಾಗಿ ವಿಶೇಷ ಅಭಿಯಾನವೂ ನಡೆಯಿತು. ಹಸು, ಎಮ್ಮೆ ಸಾಕುವ ಪ್ರತಿ ಕುಟುಂಬವೂ ಪಶು ಆಸ್ಪತ್ರೆಯಲ್ಲಿ ಕಿವಿಯೋಲೆ ಹಾಕಿಸಿ, ಸಂಘಕ್ಕೆ ಹಾಲು ಹಾಕಿದ ಪುಸ್ತಕವನ್ನು ಜೋಪಾನವಾಗಿ ಇಡಬೇಕು.

ಭೂಮಿಯ ದಾಖಲೆ ಇಲ್ಲದವರಿಗೂ ತೆರೆದಿರುವ ಮಾರ್ಗಗಳು

ಪಹಣಿ ಇಲ್ಲ ಎಂದ ಮಾತ್ರಕ್ಕೆ ಎಲ್ಲ ನೆರವೂ ಮುಚ್ಚಿದೆ ಎಂದು ಭಾವಿಸಬಾರದು. ಪಡಿತರ, ಜನಧನ್ ಖಾತೆಯ ಜಮೆ, ಪಿಂಚಣಿ, ಕಾರ್ಮಿಕ ನೆರವು ಮತ್ತು ಸ್ವಸಹಾಯ ಸಂಘದ ಸಾಲ ಇವು ಯಾವುವೂ ಪಹಣಿಯನ್ನು ಕೇಳುವುದಿಲ್ಲ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕ ಇಲಾಖೆಯಲ್ಲಿ ಕಟ್ಟಡ ಕಾರ್ಮಿಕರಾಗಿ ನೋಂದಾಯಿಸಿಕೊಳ್ಳಬಹುದು. 2020 ಮತ್ತು 2021ರಲ್ಲಿ ಈ ಕಾರ್ಡ್ ಇದ್ದವರಿಗೆ ಮಾತ್ರ ಆ ವರ್ಗದ ನೆರವು ದೊರೆಯಿತು.

ಇವೆಲ್ಲಕ್ಕಿಂತ ಮುಖ್ಯವಾದುದು ಉದ್ಯೋಗ ಖಾತರಿ ಯೋಜನೆ. ರಾಜ್ಯದಲ್ಲಿ ದಿನಗೂಲಿಯು 2019-20ರಲ್ಲಿ ರೂ. 249 ಇದ್ದುದು 2020-21ರಲ್ಲಿ ರೂ. 275, 2021-22ರಲ್ಲಿ ರೂ. 289 ಮತ್ತು 2022-23ರಲ್ಲಿ ರೂ. 309 ಆಯಿತು. ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸವೆಂದರೆ 2022-23ರ ದರದಲ್ಲಿ ರೂ. 30,900 ಆಗುತ್ತಿತ್ತು. ಇದು ಮೇಲೆ ಹೇಳಿದ ಯಾವುದೇ ಒಂದು ಬಾರಿಯ ನೆರವಿಗಿಂತ ದೊಡ್ಡ ಮೊತ್ತ. ಅರಣ್ಯ ಹಕ್ಕುಪತ್ರದ ಭೂಮಿಯ ಹೊರತು ಬೇರೆ ಸ್ವಂತ ಆಸ್ತಿ ಇಲ್ಲದ ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಆಗ 150 ದಿನಗಳವರೆಗೆ ಅವಕಾಶವಿತ್ತು.

ಕೆಲಸ ಬೇಕೆಂದು ಬಾಯಿಮಾತಿನಲ್ಲಿ ಹೇಳದೆ ಲಿಖಿತವಾಗಿ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು, ದಿನಾಂಕ ಸಹಿತ ಸ್ವೀಕೃತಿ ಪಡೆಯಬೇಕು. 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕು ಈ ಸ್ವೀಕೃತಿಯ ಆಧಾರದ ಮೇಲೆಯೇ ನಿಂತಿದೆ. ಸಣ್ಣ ಮತ್ತು ಅತಿಸಣ್ಣ ರೈತರು ತಮ್ಮ ಸ್ವಂತ ಜಮೀನಿನಲ್ಲಿ ಬದು, ಕೃಷಿ ಹೊಂಡ, ತೋಟಗಾರಿಕೆ ಬೆಳೆ ಮುಂತಾದ ಕಾಮಗಾರಿಗಳನ್ನು ಇದೇ ಯೋಜನೆಯಲ್ಲಿ ಕೈಗೊಳ್ಳಬಹುದು. ಇದಕ್ಕಾಗಿ ಕಾಮಗಾರಿಯ ಬೇಡಿಕೆಯು ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿರಬೇಕು.

ಸಾಲ ಮತ್ತು ಮರುಪಾವತಿ

2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಸಾಲದ ಕಂತುಗಳನ್ನು ಮುಂದೂಡಲು ಅವಕಾಶ ನೀಡಿತು. ಇದನ್ನು ಸಾಲ ಮನ್ನಾ ಎಂದು ತಪ್ಪಾಗಿ ತಿಳಿದವರು ಅನೇಕರು. ಮುಂದೂಡಿದ ಅವಧಿಗೂ ಬಡ್ಡಿ ಸೇರುತ್ತದೆ. ಬೆಳೆ ಸಾಲದ ವಿಷಯ ಸ್ವಲ್ಪ ಬೇರೆ: ರೂ. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ. 7ರ ಬಡ್ಡಿಯಿದ್ದು, ಸಕಾಲದಲ್ಲಿ ಮರುಪಾವತಿಸಿದರೆ ಶೇ. 3ರ ರಿಯಾಯಿತಿ ದೊರೆತು ಶೇ. 4ಕ್ಕೆ ಇಳಿಯುತ್ತದೆ. ಆ ವರ್ಷ ಈ ರಿಯಾಯಿತಿಯೊಂದಿಗೆ ಮರುಪಾವತಿಸುವ ಅವಧಿಯನ್ನು ಆಗಸ್ಟ್ 31ರವರೆಗೆ ವಿಸ್ತರಿಸಲಾಗಿತ್ತು. 2021ರಲ್ಲಿ ರಾಜ್ಯ ಸರ್ಕಾರವು ಸಹಕಾರ ಸಂಘಗಳ ಬೆಳೆ ಸಾಲದ ಮರುಪಾವತಿಯನ್ನು ಜುಲೈ ಅಂತ್ಯದವರೆಗೆ ವಿಸ್ತರಿಸಿ, ಆ ಅವಧಿಯ ಬಡ್ಡಿಯನ್ನು ತಾನೇ ಭರಿಸಿತು.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲ ದೊರೆಯುತ್ತದೆ (2022ರಲ್ಲಿ ಇದರ ಮಿತಿ ರೂ. 3 ಲಕ್ಷ ಇತ್ತು); ಅವಧಿ ಮೀರಿದರೆ ಈ ಸೌಲಭ್ಯ ತಪ್ಪುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ ನಿಗದಿತ ಮಿತಿಯವರೆಗೆ ಆಧಾರ ಕೇಳುವಂತಿಲ್ಲ; 2022ರಲ್ಲಿ ಈ ಮಿತಿ ರೂ. 1.60 ಲಕ್ಷ ಇತ್ತು. ಕಷ್ಟದ ದಿನಗಳಲ್ಲಿ ಖಾಸಗಿಯವರಲ್ಲಿ ಹೆಚ್ಚಿನ ಬಡ್ಡಿಗೆ ಕೈಚಾಚುವ ಮೊದಲು ಈ ಎರಡು ಮಾರ್ಗಗಳನ್ನು ಪೂರ್ಣವಾಗಿ ಬಳಸಿಕೊಳ್ಳಿರಿ.

ಮನೆಯವರನ್ನು ಕಳೆದುಕೊಂಡ ಕುಟುಂಬಗಳಿಗೆ

ಕೋವಿಡ್‌ನಿಂದ ಮೃತಪಟ್ಟವರ ಕುಟುಂಬಕ್ಕೆ ವಿಪತ್ತು ಪರಿಹಾರ ನಿಧಿಯಿಂದ ರೂ. 50,000 ನಿಗದಿಯಾಗಿತ್ತು. ಬಡತನ ರೇಖೆಗಿಂತ ಕೆಳಗಿನ ಕುಟುಂಬವು ದುಡಿಯುವ ಸದಸ್ಯರನ್ನು ಕಳೆದುಕೊಂಡಿದ್ದರೆ ರಾಜ್ಯ ಸರ್ಕಾರವು ಹೆಚ್ಚುವರಿಯಾಗಿ ರೂ. 1 ಲಕ್ಷ ನೀಡಿತು. ಸೋಂಕು ದೃಢಪಟ್ಟ 30 ದಿನಗಳೊಳಗೆ ಸಂಭವಿಸಿದ ಮರಣ, ಆಸ್ಪತ್ರೆಯ ಹೊರಗೆ ಆಗಿದ್ದರೂ ಇದರ ವ್ಯಾಪ್ತಿಗೆ ಬರುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ 2022ರ ಮಾರ್ಚ್ 24ರ ಆದೇಶದಂತೆ, 2022ರ ಮಾರ್ಚ್ 20ಕ್ಕೆ ಮೊದಲಿನ ಮರಣಗಳಿಗೆ ಅರ್ಜಿಯ ಅವಧಿ 60 ದಿನ, ನಂತರದ ಮರಣಗಳಿಗೆ 90 ದಿನ ಇತ್ತು. ಅವಧಿ ಮೀರಿದವರು ಸಕಾರಣ ವಿವರಿಸಿ ಕುಂದುಕೊರತೆ ಸಮಿತಿಯ ಮುಂದೆ ಮನವಿ ಸಲ್ಲಿಸಬಹುದಿತ್ತು. ಸೋಂಕಿನಿಂದ ತಂದೆ ತಾಯಿಯರನ್ನು ಕಳೆದುಕೊಂಡ ಮಕ್ಕಳಿಗೆ ಮುಖ್ಯಮಂತ್ರಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ ರೂ. 3,500 ದೊರೆಯುತ್ತದೆ. ಇಂತಹ ಮಕ್ಕಳು ಬಂಧುಗಳ ಮನೆಯಲ್ಲಿದ್ದರೆ ಆ ಬಂಧುಗಳಿಗೆ ಈ ವಿಷಯ ತಿಳಿಸುವುದು ಊರಿನವರ ಕರ್ತವ್ಯ.

ಎಲ್ಲಿ ವಿಚಾರಿಸಬೇಕು?

• ಎಫ್‌ಐಡಿ, ಪಿ.ಎಂ. ಕಿಸಾನ್, ಬೆಳೆ ಸಮೀಕ್ಷೆ: ಹೋಬಳಿಯ ರೈತ ಸಂಪರ್ಕ ಕೇಂದ್ರ.
• ಹಣ್ಣು, ತರಕಾರಿ, ಹೂವು, ಅಡಿಕೆ, ಗೇರು: ತಾಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿ.
• ಪೌತಿ ಖಾತೆ, ಪಹಣಿ ತಿದ್ದುಪಡಿ, ಪಿಂಚಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ: ನಾಡಕಚೇರಿ.
• ಉದ್ಯೋಗ ಚೀಟಿ, ಕೆಲಸದ ಬೇಡಿಕೆ: ಗ್ರಾಮ ಪಂಚಾಯಿತಿ.
• ಆಧಾರ್ ಜೋಡಣೆ: ತಮ್ಮ ಬ್ಯಾಂಕ್ ಶಾಖೆ. ಜಮೆಯಾದ ಹಣದ ವಿವರವನ್ನು ರಾಜ್ಯ ಸರ್ಕಾರದ 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ನೋಡಬಹುದು.
• ದೂರವಾಣಿಯಲ್ಲಿ ಕನ್ನಡದಲ್ಲಿ ಸಲಹೆ: ಕಿಸಾನ್ ಕಾಲ್ ಸೆಂಟರ್, 1800-180-1551 (ಶುಲ್ಕರಹಿತ).

ಪರಿಹಾರದ ಹೆಸರಿನಲ್ಲಿ ದೂರವಾಣಿ ಕರೆ ಮಾಡಿ ಓಟಿಪಿ ಕೇಳುವವರಿಗೆ ಅದನ್ನು ಹೇಳಕೂಡದು. ಪರಿಹಾರ ಮಂಜೂರು ಮಾಡಲು ಯಾವ ಇಲಾಖೆಯೂ ಮುಂಗಡ ಹಣ ಕೇಳುವುದಿಲ್ಲ.

ಈ ಹಂಗಾಮಿನಲ್ಲಿಯೇ ಮಾಡಿಕೊಳ್ಳಬೇಕಾದ ಕೆಲಸಗಳು

1. ಹೊಸ ಪಹಣಿ ತೆಗೆಸಿ 9, 11 ಮತ್ತು 12ನೇ ಕಲಂಗಳನ್ನು ಓದಿಸಿ ತಿಳಿದುಕೊಳ್ಳಿರಿ. ತೀರಿಸಿದ ಸಾಲ 11ನೇ ಕಲಂನಲ್ಲಿ ಉಳಿದಿದ್ದರೆ ತೆಗೆಸಿರಿ.
2. ಪೌತಿ ಖಾತೆ ಬಾಕಿ ಇದ್ದರೆ ಬಿತ್ತನೆ ಮುಗಿದ ಕೂಡಲೇ ಅರ್ಜಿ ಸಲ್ಲಿಸಿರಿ.
3. ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರುಗಳು ಸೇರಿವೆಯೇ ಎಂದು ಪರಿಶೀಲಿಸಿರಿ. 2022ರಲ್ಲಿ ರೈತರ ಮಕ್ಕಳಿಗೆ ನೀಡುತ್ತಿದ್ದ ರೈತ ವಿದ್ಯಾನಿಧಿ ಶಿಷ್ಯವೇತನಕ್ಕೂ ಇದೇ ಸಂಖ್ಯೆ ಬೇಕಾಗಿತ್ತು.
4. ಪಿ.ಎಂ. ಕಿಸಾನ್ ಫಲಾನುಭವಿಗಳು ಇ-ಕೆವೈಸಿ ಪೂರ್ಣಗೊಳಿಸಿರಿ.
5. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ, ಪಾಸ್‌ಬುಕ್ಕಿನ ಮೇಲೆ ಬರೆದಿಟ್ಟುಕೊಳ್ಳಿರಿ.
6. ಬೆಳೆ ಸಮೀಕ್ಷೆಯನ್ನು ತಪ್ಪದೆ ಮಾಡಿ, ನಂತರ ದಾಖಲೆಯನ್ನು ನೋಡಿರಿ.
7. ಮಾರಾಟದ ರಸೀದಿಗಳನ್ನು, ಸಣ್ಣ ಮೊತ್ತದ್ದಾದರೂ, ಒಂದು ಚೀಲದಲ್ಲಿ ಹಾಕಿಡಿರಿ.

ವಿಸ್ತರಣಾ ಕಾರ್ಯಕರ್ತರಿಗೆ

ನೆರವಿನ ಆದೇಶ ಬಂದ ಮೇಲೆ ಅದನ್ನು ಪ್ರಚಾರ ಮಾಡುವುದರಿಂದ ಆಗುವ ಪ್ರಯೋಜನ ಸೀಮಿತ. ದಾಖಲೆ ಸರಿ ಇದ್ದವರಿಗೆ ಪ್ರಚಾರವಿಲ್ಲದೆಯೂ ಹಣ ಬರುತ್ತದೆ. ದಾಖಲೆ ಇಲ್ಲದವರಿಗೆ ಪ್ರಚಾರದಿಂದ ನಿರಾಸೆಯಷ್ಟೇ ಉಳಿಯುತ್ತದೆ. ಆದ್ದರಿಂದ ಪ್ರತಿ ಗ್ರಾಮದಲ್ಲಿ ನಾಲ್ಕು ಪಟ್ಟಿಗಳನ್ನು ಇಟ್ಟುಕೊಳ್ಳುವುದು ಉಪಯುಕ್ತ: ಎಫ್‌ಐಡಿ ಇಲ್ಲದವರು, ಪೌತಿ ಖಾತೆ ಬಾಕಿ ಇರುವವರು, ಪಿ.ಎಂ. ಕಿಸಾನ್ ಕಂತು ನಿಂತಿರುವವರು ಮತ್ತು ಅರಣ್ಯ ಹಕ್ಕಿನ ಅರ್ಜಿ ಬಾಕಿ ಇರುವವರು. ಬಿತ್ತನೆ ಬೀಜ ವಿತರಣೆಯ ದಿನಗಳಲ್ಲಿ ರೈತರು ತಾವಾಗಿಯೇ ರೈತ ಸಂಪರ್ಕ ಕೇಂದ್ರಕ್ಕೆ ಬರುವುದರಿಂದ ಆಗಲೇ ಈ ಪರಿಶೀಲನೆಯನ್ನು ಮಾಡಬಹುದು. ದೂರದ ಗೌಳಿ ದಡ್ಡಿಗಳಿಗೆ ಮತ್ತು ಜೋಯಿಡಾದ ಕಾಡಂಚಿನ ಮಜರೆಗಳಿಗೆ ಮಾತ್ರ ಕಂದಾಯ, ಬ್ಯಾಂಕ್ ಮತ್ತು ಪಶುಸಂಗೋಪನೆ ಸಿಬ್ಬಂದಿಯೊಂದಿಗೆ ಒಟ್ಟಾಗಿ ಹೋಗುವುದು ಅವಶ್ಯ. ಒಂದು ದಿನದ ಕೂಲಿ ಬಿಟ್ಟು ತಾಲೂಕು ಕೇಂದ್ರಕ್ಕೆ ಬಂದವರನ್ನು ಇನ್ನೊಂದು ಕಾಗದಕ್ಕಾಗಿ ಹಿಂದಕ್ಕೆ ಕಳುಹಿಸಿದರೆ ಅವರು ಮತ್ತೆ ಬರುವುದು ಕಷ್ಟ.

ಮುಂದಿನ ಆಪತ್ತು ರೋಗದ ರೂಪದಲ್ಲಿ ಬರಬಹುದು, ಮಳೆಯ ರೂಪದಲ್ಲಿಯೂ ಬರಬಹುದು. 2021ರ ಜುಲೈನಲ್ಲಿ ಇದೇ ಜಿಲ್ಲೆ ನೆರೆಯನ್ನೂ ಕಂಡಿದೆ. ಎರಡಕ್ಕೂ ಬೇಕಾಗುವ ದಾಖಲೆಗಳು ಬಹುಪಾಲು ಒಂದೇ. ಹೆಚ್ಚಿನ ವಿವರಗಳಿಗೆ ತಮ್ಮ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.